ದೋಣಿ ಹಾಡಿನ ಶ್ರುತಿ

ಅಕ್ಟೋಬರ್ 9, ಗುರುವಾರ

ವಿಮಾನದಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಗುಬ್ಬಿ. ಗಾಜಿಗೆ ಮೂಗು ಒತ್ತಿಕೊಂಡು ಕೂತವಳು ಮೋಡ ಕಂಡಾಗಲೆಲ್ಲ ನನ್ನ ತೋಳು ಚಿವುಟುತ್ತಾಳೆ. ಮೋಡದ ಮೇಲೆ ಹಾರುವಾಗ ಮೋಡ ಕಾಣದೆ ಇನ್ನೇನು ಕಾಣಬೇಕು? ನನ್ನ ತೋಳು ಕೆಂಪಾಗಿದೆ.

ನಮ್ಮ ಶಾಲೆಯ ಹಾಡುವ ತಂಡವನ್ನು ಹೊರದೇಶದ ಒಂದು ಶಾಲೆಯವರು ಕರೆಸಿಕೊಳ್ಳುತ್ತಿದ್ದಾರೆ. ಮೂವತ್ತು ಹುಡುಗಿಯರು, ಜೊತೆಗೆ ನಮ್ಮ ಮ್ಯೂಸಿಕ್ ಟೀಚರ್. ಈ ಭಾನುವಾರ ಒಂದು ಕಾರ್ಯಕ್ರಮ, ಮುಂದಿನ ಭಾನುವಾರ ಇನ್ನೊಂದು. ಹೊರಡುವ ಹೊತ್ತಿಗೆ ಅಪ್ಪ ಸೂಟ್‌ಕೇಸಿನ ಬೀಗವನ್ನು ಎಳೆದೆಳೆದು ನೋಡಿ ಅದನ್ನು ಸಡಿಲ ಮಾಡಿಟ್ಟರು. ಅಮ್ಮ ಟೈಲರ್ ಅಲ್ಲವೇ, ಮೂವತ್ತು ಜನರ ನೀಲಿ ಲಂಗಗಳನ್ನೂ ಅವಳೇ ಹೊಲಿದದ್ದು. ಬೀಳ್ಕೊಡಲು ಬಂದವಳು ಎಲ್ಲರ ಮುಖ ಬಿಟ್ಟು ಲಂಗದ ಅಂಚುಗಳನ್ನೇ ನೋಡುತ್ತಾ ನಿಂತಿದ್ದಳು. ಅಕ್ಕ ಮಾತ್ರ, “ಜಂಬದ ಕೋಳಿ, ಅಲ್ಲಿ ಹೋಗಿ ಎಲ್ಲರ ತಲೆ ತಿನ್ಬೇಡ” ಎಂದು ಹರಸಿದಳು.

ಜಂಬ ಪಡುವುದಕ್ಕೆ ನನಗೆ ಕಾರಣವಿದೆ. ತಂಡಕ್ಕೆ ಶ್ರುತಿ ಕೊಡುವವಳು ನಾನು. ಪ್ರತಿ ಹಾಡಿಗೆ ಮೊದಲು ಟೀಚರ್ ನನ್ನ ಕಡೆ ನೋಡುತ್ತಾರೆ. ನಾನು ತುಟಿ ಮುಚ್ಚಿ ‘ಮ್’ ಎನ್ನುತ್ತೇನೆ. ಆ ಸ್ವರವನ್ನು ಹಿಡಿದುಕೊಂಡು ಉಳಿದವರೆಲ್ಲ ಹೊರಡುತ್ತಾರೆ. ನಾನು ಐದನೇ ತರಗತಿಯಲ್ಲಿದ್ದಾಗ ಟೀಚರ್ ಇದನ್ನು ಕಂಡುಹಿಡಿದರು. ಹಿಂದಿನ ದಿನ ಕಲಿಸಿದ ಹಾಡನ್ನು ನಾನು ಗುನುಗುತ್ತಾ ಬರುತ್ತಿದ್ದೆ, ಅವರು ಶಾಲೆಯ ಪಿಯಾನೋ ಒತ್ತಿ ನೋಡಿದರೆ ಅದೇ ಸ್ವರ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನು ಅದನ್ನು ಹುಡುಕುವುದಿಲ್ಲ. ಬಾಯಲ್ಲಿ ನಾಲಿಗೆ ಇದ್ದ ಹಾಗೆ ಅದು ಒಳಗೆ ಇದ್ದೇ ಇರುತ್ತದೆ. ಅಂದಿನಿಂದ ನನ್ನ ಹೆಸರೇ ಶ್ರುತಿಪೆಟ್ಟಿಗೆ.

ಗುಬ್ಬಿ ಆವತ್ತಿನಿಂದಲೂ ನನ್ನ ಎಡಗಡೆ ನಿಲ್ಲುತ್ತಾಳೆ. ಸಣ್ಣ ಆಳು, ಸಣ್ಣ ದನಿ. ನಾನು ಶ್ರುತಿ ಕೊಡದಿದ್ದರೆ ಅವಳು ಹಾಡಿನೊಳಗೆ ಎತ್ತ ಹೋಗಿ ತಪ್ಪಿಸಿಕೊಳ್ಳುತ್ತಿದ್ದಳೋ ದೇವರೇ ಬಲ್ಲ.

ಅಕ್ಟೋಬರ್ 11, ಶನಿವಾರ

ತಲುಪಿದೆವು. ವಿಮಾನ ತಡ, ಆಮೇಲೆ ಬಸ್ಸು ತಡ. ನಿನ್ನೆ ಅವರ ಪಿಯಾನೋ ಜೊತೆ ನಮ್ಮ ಅಭ್ಯಾಸ ಇರಬೇಕಿತ್ತು. ನಾವು ಹೋಗುವಷ್ಟರಲ್ಲಿ ಸಭಾಂಗಣಕ್ಕೆ ಬೀಗ ಬಿದ್ದಿತ್ತು. ಪರವಾಗಿಲ್ಲ, ಹಾಡು ಬಾಯಿಪಾಠ ಇದೆಯಲ್ಲ ಎಂದರು ಟೀಚರ್.

ಇಬ್ಬಿಬ್ಬರನ್ನು ಒಂದೊಂದು ಮನೆಗೆ ಹಂಚಿದ್ದಾರೆ. ನನ್ನ ಜೊತೆಗೆ ಯಾರು? ಗುಬ್ಬಿ. ನನ್ನ ಹಣೆಬರಹ. ನಮ್ಮ ಮನೆಯಾಕೆ ಲಾಂಡ್ರಿ ನಡೆಸುತ್ತಾರೆ, ಹೋಟೆಲುಗಳ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು ಕಳಿಸುವ ದೊಡ್ಡ ಲಾಂಡ್ರಿ. ನೆಲಮಹಡಿಯಲ್ಲಿ ಯಂತ್ರಗಳು, ಮೇಲೆ ಮನೆ. ಅವರ ಮಗಳು ನಮ್ಮ ವಯಸ್ಸಿನವಳೇ, ಅಲ್ಲಿಯ ಶಾಲೆಯ ತಂಡದಲ್ಲಿ ಹಾಡುತ್ತಾಳೆ. ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಎತ್ತರ. ಗುಬ್ಬಿ ಅವಳನ್ನು ನೋಡಿದ ಕೂಡಲೇ “ಏಣಿ” ಎಂದು ಪಿಸುಗುಟ್ಟಿದಳು, ನಾನು ನಗು ತಡೆಯಲಾರದೆ ಕೆಮ್ಮಿದೆ, ಲಾಂಡ್ರಿ ಆಂಟಿ ಪಾಪ ಬಿಸಿನೀರು ತಂದುಕೊಟ್ಟರು. ಅವರಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು ಬಾರದು. ಏಣಿಗೂ ನಮಗೂ ಅರ್ಧಂಬರ್ಧ ಇಂಗ್ಲಿಷ್ ಬರುತ್ತದೆ, ಆದರೆ ಎರಡು ಅರ್ಧ ಸೇರಿದರೂ ಒಂದು ಪೂರ್ತಿ ಮಾತು ಆಗುತ್ತಿಲ್ಲ.

ಹೊತ್ತು ಗೊತ್ತಾಗುತ್ತಿಲ್ಲ. ಮಧ್ಯಾಹ್ನ ಮಲಗಿ ಎದ್ದರೆ ಬೆಳಿಗ್ಗೆಯೋ ಸಂಜೆಯೋ ತಿಳಿಯದೆ ಹಲ್ಲುಜ್ಜಿದೆ. ಕಿಟಕಿಯ ಹೊರಗೆ ಮಂಜು. ಎದುರಿನ ಮನೆಗಳಿಗೆ ಮೇಲಿನ ಅರ್ಧ ಇಲ್ಲ. ಕೆಳಗೆ ಬಟ್ಟೆ ಒಣಗಿಸುವ ಯಂತ್ರಗಳು ಒಂದೇ ಸ್ವರದಲ್ಲಿ ಮೊರೆಯುತ್ತವೆ, ನೆಲ ಸಣ್ಣಗೆ ನಡುಗುತ್ತದೆ. ಆ ಮೊರೆತ ನನ್ನ ಸ್ವರದ ಹತ್ತಿರ ಬಂದು, ತುಸು ಮೇಲೆ ನಿಂತುಬಿಡುತ್ತದೆ. ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ ಕಿರಿಕಿರಿ. ಗುಬ್ಬಿ ಮಾತ್ರ ಅದೇ ಜೋಗುಳವೆಂಬಂತೆ ಗೊರಕೆ ಹೊಡೆಯುತ್ತಿದ್ದಾಳೆ.

ಅಕ್ಟೋಬರ್ 12, ಭಾನುವಾರ

ಹಾಳಾಯಿತು. ಎಲ್ಲ ಹಾಳಾಯಿತು. ಇವತ್ತು ಬರೆಯಲಾರೆ.

ಅಕ್ಟೋಬರ್ 13, ಸೋಮವಾರ

ಬರೆದುಬಿಡುತ್ತೇನೆ. ಬರೆಯದಿದ್ದರೆ ಅದು ತಲೆಯೊಳಗೇ ಸುತ್ತುತ್ತಿರುತ್ತದೆ.

ಮೊದಲೆರಡು ಹಾಡು ಬೆಣ್ಣೆಯ ಹಾಗೆ ಹೋದವು. ನಾನು ಶ್ರುತಿ ಕೊಟ್ಟೆ, ಎಲ್ಲರೂ ಹಿಡಿದರು, ಜನ ಚಪ್ಪಾಳೆ ತಟ್ಟಿದರು. ಮೂರನೆಯದು ಎರಡೂ ಶಾಲೆ ಕೂಡಿ ಮಾಡುವ ಹಾಡು. ಮೊದಲ ಎರಡು ಚರಣ ನಮ್ಮ ದನಿ ಮಾತ್ರ, ಮೂರನೆಯ ಚರಣಕ್ಕೆ ಅವರ ಪಿಯಾನೋ ಸೇರಬೇಕು. ನಾವು ಹಾಡಿದೆವು. ಅಷ್ಟು ಚೆನ್ನಾಗಿ ಈ ಹಿಂದೆ ಹಾಡಿದ್ದೇ ಇಲ್ಲವೇನೋ. ಆಮೇಲೆ ಪಿಯಾನೋ ಬಂತು.

ಅದು ನುಡಿಸುತ್ತಿದ್ದದ್ದು ನಮ್ಮ ಹಾಡನ್ನೇ. ಆದರೆ ನಾವಿದ್ದ ಕಡೆ ಅಲ್ಲ, ನಮಗಿಂತ ಒಂದು ಹೊಸ್ತಿಲಿನಷ್ಟು ಎತ್ತರದಲ್ಲಿ. ಎಲ್ಲರೂ ಒಟ್ಟಿಗೆ ಎಡವಿದೆವು. ಅರ್ಧ ಜನ ಪಿಯಾನೋ ಕಡೆ ಏರಲು ನೋಡಿದರು, ಅರ್ಧ ಜನ ನನ್ನನ್ನೇ ಹಿಡಿದುಕೊಂಡರು. ನಾನು ಏನು ಮಾಡಿದೆ ಗೊತ್ತೇ? ಪಿಯಾನೋದವರು ತಪ್ಪು ಮಾಡಿದರು ಎಂದುಕೊಂಡು ಇನ್ನೂ ಜೋರಾಗಿ ಹಾಡಿದೆ. ಹಿಂದೆ ತಿರುಗಿ ಕೈಸನ್ನೆ ಬೇರೆ ಮಾಡಿದೆ, ನನ್ನ ಜೊತೆ ಇರಿ ಎಂದು. ಪಿಯಾನೋ ನಿಂತಿತು. ಹುಡುಗಿಯರು ನಿಂತರು. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಂದು ಗಳಿಗೆ ನನ್ನ ದನಿ ಒಂದೇ ಕೇಳುತ್ತಿತ್ತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮುಗಿದ ಮೇಲೆ ಟೀಚರ್ ನನ್ನನ್ನು ಅವರ ಪಿಯಾನೋ ಹತ್ತಿರ ಕರೆದುಕೊಂಡು ಹೋಗಿ ಸ್ವರ ಒತ್ತಿದರು. ನನ್ನನ್ನು ಗುನುಗಲು ಹೇಳಿದರು. ಮತ್ತೆ ಒತ್ತಿದರು. ಎರಡೂ ಒಂದೇ ಆಗಲಿಲ್ಲ.

“ತಪ್ಪು ನಿಂದಲ್ಲ,” ಎಂದರು. “ನಮ್ಮ ಶಾಲೆ ಪಿಯಾನೋನೇ ಕೆಳಗಿದೆ. ಶ್ರುತಿ ಮಾಡೋರು ಹೇಳಿದ್ರು, ಇನ್ನೂ ಬಿಗಿ ಮಾಡಿದ್ರೆ ಹಳೇ ತಂತಿ ತುಂಡಾಗುತ್ತೆ ಅಂತ. ಇರೋ ಹಾಗೇ ಇರ್ಲಿ ಅಂದೆ. ಆಮೇಲೆ ನಂಗೂ ಅದೇ ಅಭ್ಯಾಸ ಆಗಿ ಮರೆತೇ ಹೋಯ್ತು ಕಣೇ.”

ಅಂದರೆ ಇಷ್ಟು ವರ್ಷ ನಾನು ಕೂದಲೆಳೆಯಷ್ಟೂ ತಪ್ಪದೆ ಇಟ್ಟುಕೊಂಡಿದ್ದು ಒಂದು ಮುದಿ ಪಿಯಾನೋದ ಬಳಲಿಕೆಯನ್ನು. ತಪ್ಪು ನನ್ನದಲ್ಲ ಎಂದರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನನ್ನದಾಗಿದ್ದರೆ ತಿದ್ದಿಕೊಳ್ಳಬಹುದಿತ್ತು, ಇದನ್ನು ಎಲ್ಲಿಂದ ತಿದ್ದುವುದು?

ಇವತ್ತು ಬೆಳಿಗ್ಗೆ ಟೀಚರ್ ಅಂಗಡಿಯಿಂದ ಒಂದು ಪೀಪಿ ತಂದಿದ್ದಾರೆ. ಬಿಸ್ಕತ್ತಿನಂತೆ ದುಂಡಗಿದೆ, ಸುತ್ತ ತೂತುಗಳು, ತೂತಿಗೊಂದು ಸ್ವರ. ಇನ್ನು ಮೇಲೆ ಶ್ರುತಿ ಅದರಿಂದ. ನನ್ನನ್ನು ಬಯ್ಯಲಿಲ್ಲ, ಬೆನ್ನು ತಟ್ಟಿದರು. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು.

ಅಕ್ಟೋಬರ್ 14, ಮಂಗಳವಾರ

ಅಭ್ಯಾಸಕ್ಕೆ ಹೋದೆ, ಸಾಲಿನಲ್ಲಿ ನಿಂತೆ, ಹಾಡಿದೆ, ಬಂದೆ. ಪೀಪಿ ಊದಿದಾಗ ಎಲ್ಲರೂ ಅಭ್ಯಾಸಬಲದಿಂದ ನನ್ನ ಕಡೆ ನೋಡಿ, ನೆನಪಾಗಿ, ಬೇರೆ ಕಡೆ ನೋಡಿದರು.

ಗುಬ್ಬಿ ಅರ್ಧ ಚಾಕೊಲೇಟು ಮುರಿದು ಕೊಡಲು ಬಂದಳು. ನಿನ್ನ ಕನಿಕರ ನೀನೇ ತಿನ್ನು ಎಂದೆ. ಅವಳು ತಿಂದಳು. ಅದಕ್ಕೂ ಸಿಟ್ಟು ಬಂತು.

ಅಕ್ಟೋಬರ್ 15, ಬುಧವಾರ

ಬೆಳಗಾಗುವ ಮುಂಚೆಯೇ ಎಚ್ಚರವಾಯಿತು. ಕೆಳಗೆ ದೀಪ ಇತ್ತು. ಇಳಿದು ಹೋದರೆ ಮಂಜು ಮನೆಯೊಳಗೇ ಬಂದು ಕೂತಿದೆಯೇನೋ ಅನ್ನಿಸಿತು. ಮಂಜಲ್ಲ, ಇಸ್ತ್ರಿ ಮಾಡುವ ಉರುಳೆಗಳಿಂದ ಏಳುವ ಹಬೆ. ಅದರ ನಡುವೆ ಲಾಂಡ್ರಿ ಆಂಟಿ ಮತ್ತು ಏಣಿ, ಇಬ್ಬರ ನಡುವೆ ಒಂದು ಬಿಳಿ ಚಾದರ. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ ಆಂಟಿ ತನ್ನ ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ಯಂತ್ರದ ಕಡೆಗೆ ಹೋದರು.

ಚಾದರ ಮಡಿಸುವುದು ಸುಲಭ ಎಂದುಕೊಂಡಿದ್ದೆ. ಎರಡು ಮೂಲೆ ನನ್ನ ಕೈಯಲ್ಲಿ, ಎರಡು ಅವಳ ಕೈಯಲ್ಲಿ. ಹಿಂದೆ ಸರಿದು ಎಳೆಯಬೇಕು, ಒಮ್ಮೆ ಕೊಡವಬೇಕು, ಮಡಿಸಬೇಕು, ಮುಂದೆ ನಡೆದು ನನ್ನ ತುದಿಗಳನ್ನು ಅವಳ ಕೈಗೆ ಸೇರಿಸಬೇಕು. ನಾನು ಅವಸರ ಮಾಡಿದರೆ ಚಾದರ ನೆಲಕ್ಕೆ ಜೋಲುತ್ತದೆ. ಅವಳಿಗಿಂತ ಜೋರಾಗಿ ಎಳೆದರೆ ಅವಳೇ ತೂರಾಡಿ ಮುಂದೆ ಬರುತ್ತಾಳೆ, ಅಷ್ಟುದ್ದದ ಹುಡುಗಿ. ಮೊದಲ ಕೆಲವು ಚಾದರಗಳನ್ನು ಮತ್ತೆ ಒಗೆಯಲು ಹಾಕಬೇಕಾಯಿತು. ಏಣಿ ಹೊಸದೊಂದು ಎತ್ತಿಕೊಂಡು ನನ್ನ ಕೈ ನೋಡುತ್ತಾ ಕಾದಳು.

ಆಮೇಲೆ ಯಾವಾಗಲೋ ಕೂಡಿಬಂತು. ಹೋಗುವುದು, ಬರುವುದು, ಕೈಗೆ ಕೈ ತಾಗುವುದು, ಮತ್ತೆ ಹೋಗುವುದು. ಯಂತ್ರಗಳು ಮೊರೆಯುತ್ತಿದ್ದವು. ಆಂಟಿ ಅದೇ ಸ್ವರದಲ್ಲಿ ಏನೋ ಗುನುಗುತ್ತಿದ್ದರು, ಏಣಿ ಅದರ ಕೆಳಗೆ ಇನ್ನೊಂದು. ಬಿಸಿ ಬಟ್ಟೆಯ ವಾಸನೆ ನಿದ್ದೆಯ ವಾಸನೆಯಂತೆಯೇ ಇರುತ್ತದೆ. ನಾನು ನಿಂತೇ ಕನಸು ಕಾಣುತ್ತಿದ್ದೇನೋ, ಎಚ್ಚರದಲ್ಲೇ ಮಡಿಸುತ್ತಿದ್ದೇನೋ ಗೊತ್ತಿರಲಿಲ್ಲ. ಕಿಟಕಿ ಬೆಳ್ಳಗಾದಾಗ ನೋಡಿದರೆ ನಮ್ಮ ಹಿಂದೆ ಚಾದರಗಳ ಗೋಡೆ ಎದ್ದಿತ್ತು.

ಗುಬ್ಬಿ ಕಣ್ಣುಜ್ಜುತ್ತಾ ಇಳಿದು ಬಂದಳು. ನಾನೂ ಗುನುಗುತ್ತಿದ್ದೆನಂತೆ, ಅದೂ ನಮ್ಮ ತಂಡದ ದೋಣಿ ಹಾಡನ್ನು. “ಅಷ್ಟು ಮೇಲಿಂದ ಶುರು ಮಾಡ್ಬೇಡ ಕಣೇ, ಕೊನೇ ಚರಣ ಎಟುಕಲ್ಲ” ಎಂದಳು. ನನಗೆ ಶ್ರುತಿ ಹೇಳಿಕೊಡಲು ಬಂದಿದ್ದಾಳೆ ಗುಬ್ಬಿ. ಕಾಲ ಕೆಟ್ಟಿತು.

ಅಕ್ಟೋಬರ್ 16, ಗುರುವಾರ

ಇವತ್ತು ದೋಣಿ ಹಾಡಿನ ಅಭ್ಯಾಸ. ಭಾನುವಾರದ ಕಾರ್ಯಕ್ರಮ ಮುಗಿಯುವುದು ಅದರಿಂದಲೇ. ಪಿಯಾನೋ ಇಲ್ಲ, ನಮ್ಮ ದನಿಗಳು ಮಾತ್ರ. ನಿದ್ದೆಗೆ ಇಳಿಯುವ ಮಗುವಿನ ಹಾಗೆ ನಿಧಾನವಾಗಿ ಹೋಗುವ ಹಾಡು. ಕೊನೆಯ ಚರಣದಲ್ಲಿ ನಾವೆಲ್ಲ ಕೆಳಗೆ ಉಳಿದು, ಆರನೇ ತರಗತಿಯ ಇಬ್ಬರು ಚಿಳ್ಳೆಗಳು ಮಾತ್ರ ಮೇಲೆ ಏರುತ್ತಾರೆ. ಊರಿನಲ್ಲಿ ಆ ಜಾಗ ಬಂದಾಗ ಶಾಲೆಯ ಗುಮಾಸ್ತರು ಕೂಡ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಟೀಚರ್ ಪೀಪಿ ಊದಿದರು. ಕೊನೆಯ ಚರಣದಲ್ಲಿ ಚಿಳ್ಳೆಗಳ ದನಿ ಒಡೆಯಿತು. ಇನ್ನೊಮ್ಮೆ ಹಾಡಿಸಿದರು, ಇನ್ನೊಮ್ಮೆ ಒಡೆಯಿತು, ಇಬ್ಬರಲ್ಲಿ ಸಣ್ಣವಳು ಅತ್ತಳು. ಪೀಪಿಯ ಪಕ್ಕದ ತೂತು, ಅಂದರೆ ಒಂದು ಸ್ವರ ಕೆಳಗಿನದು, ಊದಿ ನೋಡಿದರು. ಚಿಳ್ಳೆಗಳು ಹತ್ತಿದರು, ಆದರೆ ತಗ್ಗಿನ ದನಿಯವರಿಗೆ ಬರೀ ಗಾಳಿ ಬಂತು. ನಮ್ಮ ಪಿಯಾನೋದ ಸ್ವರ ಆ ಎರಡು ತೂತುಗಳ ನಡುವೆ ಎಲ್ಲೋ ಇದೆ. ಅದಕ್ಕೆ ಪೀಪಿಯಲ್ಲಿ ತೂತಿಲ್ಲ.

ಸಭಾಂಗಣದ ಕಾವಲುಗಾರ ಬೀಗದ ಕೈ ಅಲ್ಲಾಡಿಸುತ್ತಾ ಬಂದ. ಹುಡುಗಿಯರು ಹೊರಗೆ ಹೋದ ಮೇಲೆ ಟೀಚರ್ ನನ್ನನ್ನು ನಿಲ್ಲಿಸಿಕೊಂಡರು.

“ಬೇರೆ ಹಾಡಿಗೆಲ್ಲ ಪೀಪಿ ಇರ್ಲಿ. ದೋಣಿ ಹಾಡಿಗೆ ಮಾತ್ರ ನೀನೇ ಶ್ರುತಿ ಕೊಡು. ನಮ್ಮ ಹಳೇದನ್ನೇ ಕೊಡು.”

ಭಾನುವಾರದವರೆಗೆ ಅದನ್ನು ಹಾಡಿಸುವುದಿಲ್ಲವಂತೆ. ಚಿಳ್ಳೆಗಳ ಗಂಟಲಿಗೆ ವಿಶ್ರಾಂತಿ ಬೇಕು, ಅವರ ಹೆದರಿಕೆಗೂ.

ನಾನು ಸಭಾಂಗಣದಿಂದ ಮನೆಯವರೆಗೆ ಓಡಿದೆ. ನನಗೆ ಸಂತೋಷವಾಗಿದೆ. ಇನ್ನೊಮ್ಮೆ ಬರೆಯುತ್ತೇನೆ, ನನಗೆ ಬಹಳ ಸಂತೋಷವಾಗಿದೆ.

ಅಕ್ಟೋಬರ್ 17, ಶುಕ್ರವಾರ

ಇವತ್ತು ರಜೆ. ಊರು ನೋಡಲು ಬಿಟ್ಟರು. ಏಣಿ ನಮ್ಮಿಬ್ಬರನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋದಳು. ಮಂಜಿನಲ್ಲಿ ಆಚೆ ದಡ ಕಾಣುತ್ತಿರಲಿಲ್ಲ. ಸೇತುವೆ ಅರ್ಧ ಹೋಗಿ ಎಲ್ಲಿಗೂ ತಲುಪದೆ ನಿಂತುಬಿಟ್ಟಂತಿತ್ತು. ಅದರ ಮೇಲೆ ಹೋದವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದರು, ಎದುರಿನಿಂದ ಬೇರೆಯವರು ಒಬ್ಬೊಬ್ಬರಾಗಿ ಹುಟ್ಟಿ ಬರುತ್ತಿದ್ದರು. ಹೋದವರೇ ಬೇರೆ ಕೋಟು ಹಾಕಿಕೊಂಡು ವಾಪಸು ಬರ್ತಿದಾರೆ ಎಂದಳು ಗುಬ್ಬಿ. ನಾವು ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತೆವು. ಅವಳ ಜೊತೆ ಇಷ್ಟು ಹೊತ್ತು ಮಾತಿಲ್ಲದೆ ಕೂತದ್ದು ಇದೇ ಮೊದಲು. ಅವಳ ಚಾಕೊಲೇಟು ತಿಂದೆ.

ಮೂರು ಜನ ಕಾಲೆಳೆಯುತ್ತಾ ಮನೆಗೆ ಬಂದೆವು. ಅವರಿಬ್ಬರು ಮೇಲೆ ಹೋದರು, ನಾನು ಬೆಚ್ಚಗಿರುತ್ತದೆಂದು ಲಾಂಡ್ರಿಯ ಬಟ್ಟೆಬುಟ್ಟಿಯ ಮೇಲೆ ಕೂತೆ. ಒಣಗಿಸುವ ಯಂತ್ರ ತಿರುಗುತ್ತಿತ್ತು. ಸುಮ್ಮನೆ, ಖುಷಿಗೆ, ನನ್ನ ಸ್ವರವನ್ನು ‘ಮ್’ ಎಂದೆ.

ಕಿರಿಕಿರಿಯಾಗಲಿಲ್ಲ. ನನ್ನ ದನಿ ಯಂತ್ರದ ಮೊರೆತದೊಳಗೆ ಹೋಗಿ ಕಾಣೆಯಾಯಿತು. ಹಾಲಿಗೆ ಹಾಲು ಹೊಯ್ದ ಹಾಗೆ.

ಬಂದ ದಿನ ಅದು ನನಗಿಂತ ಮೇಲಿತ್ತು. ಯಂತ್ರ ಕೆಳಗೆ ಇಳಿಯುವುದಿಲ್ಲ. ಹಾಗಾದರೆ ಮೇಲೆ ಸರಿದದ್ದು ನನ್ನ ಸ್ವರ.

ಅಕ್ಟೋಬರ್ 18, ಶನಿವಾರ

ಹಳೆಯದು ಸಿಗುತ್ತಿಲ್ಲ. ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ. ಕಣ್ಣು ಮುಚ್ಚಿ ಶಾಲೆಯ ಕೋಣೆಯನ್ನು ನೆನಪು ಮಾಡಿಕೊಂಡೆ: ಪಿಯಾನೋ ಮೇಲಿನ ಹಸಿರು ಬಟ್ಟೆ, ಟೀಚರ್ ಕನ್ನಡಕ ಬಿಚ್ಚಿಡುವ ಜಾಗ, ಮೂಲೆಯ ಒಡೆದ ಕುರ್ಚಿ. ಎಲ್ಲ ಕಾಣುತ್ತದೆ. ಟೀಚರ್ ಬೆರಳು ಒತ್ತುವುದೂ ಕಾಣುತ್ತದೆ. ಒತ್ತಿದಾಗ ಬರುವುದು ಮಾತ್ರ ಲಾಂಡ್ರಿಯ ಯಂತ್ರ.

ಅಕ್ಕನಿಗೆ ಫೋನ್ ಮಾಡಿದೆ. ಅವಳೂ ಹಿಂದೆ ಇದೇ ತಂಡದಲ್ಲಿದ್ದವಳು. ದೋಣಿ ಹಾಡಿನ ಮೊದಲ ಸಾಲು ಹಾಡು ಎಂದೆ. ನನಗೆ ಜ್ವರ ಬಂದಿದೆಯೇ ಎಂದು ಕೇಳಿದಳು. ಬೇಡಿಕೊಂಡ ಮೇಲೆ ಹಾಡಿದಳು, ಅಷ್ಟರಲ್ಲಿ ಹಿಂದಿನಿಂದ ಅಮ್ಮನ ಹೊಲಿಗೆ ಯಂತ್ರ ಗಡಗಡ ಎಂದು, ಅಕ್ಕನಿಗೆ ನಗು ಬಂದು, ಹಾಡು ಮೂರು ಕಡೆ ಹರಿದು ಹೋಯಿತು. “ನಿನ್ನ ಶ್ರುತಿ ನಂಗೇನು ಗೊತ್ತು? ನಾನು ಹಾಡ್ತಿದ್ದಿದ್ದು ಬಿಸ್ಕತ್ತು ಕೊಡ್ತಾರೆ ಅಂತ” ಎಂದಳು. ಅಮ್ಮನ ದನಿ ಕೇಳಿದರೆ ಅಳು ಬರುತ್ತದೆಂದು ಬೇಗ ಇಟ್ಟುಬಿಟ್ಟೆ.

ಟೀಚರ್‌ಗೆ ಹೇಳಬೇಕು. ಹೇಳಲು ಹೋದೆ. ಅವರು ಚಿಳ್ಳೆಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆದರಬೇಡಿ, ಶ್ರುತಿಪೆಟ್ಟಿಗೆ ಅಕ್ಕ ನಿಮಗೆ ಸರಿಯಾದ ಜಾಗದಿಂದಲೇ ಶುರು ಮಾಡಿಕೊಡುತ್ತಾಳೆ ಎಂದು ಹೇಳುತ್ತಿದ್ದರು. ಇಬ್ಬರೂ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕು ವಾಪಸು ಬಂದೆ.

ಈಗ ಕಿವಿಗೆ ಹತ್ತಿ ಇಟ್ಟುಕೊಂಡು ಹೊದಿಕೆಯೊಳಗೆ ಕೂತಿದ್ದೇನೆ. ಹೊಸ ಸ್ವರ ಒಳಗೆ ಬರದಿದ್ದರೆ ಹಳೆಯದು ಮೇಲೆ ಬರಬಹುದು. ಏಣಿ ಚಾದರ ಮಡಿಸಲು ಕರೆದಳು, ಹೋಗಲಿಲ್ಲ. ಊಟಕ್ಕೆ ಕರೆದದ್ದು ಕೇಳಿಸಲಿಲ್ಲ. ಗುಬ್ಬಿ ತಟ್ಟೆ ತಂದು ಮಂಚದ ಮೇಲಿಟ್ಟು, ನನ್ನ ಹಣೆ ಮುಟ್ಟಿ ನೋಡಿ ಹೋದಳು. ಏನಾಯಿತೆಂದು ಕೇಳಿರಬೇಕು, ತುಟಿ ಅಲ್ಲಾಡಿತು. ಹತ್ತಿ ಇತ್ತಲ್ಲ.

ಅಕ್ಟೋಬರ್ 19, ಭಾನುವಾರ

ಬೆಳಿಗ್ಗೆ. ಸಿಗಲಿಲ್ಲ. ಲಂಗಕ್ಕೆ ಇಸ್ತ್ರಿ ಮಾಡಿಕೊಟ್ಟಿದ್ದಾರೆ ಆಂಟಿ. ಅಮ್ಮ ನೋಡಿದರೆ ಮೆಚ್ಚುತ್ತಿದ್ದಳು. ಹೊರಟೆ.

ಅಕ್ಟೋಬರ್ 20, ಸೋಮವಾರ

ವಾಪಸು ಹೋಗುವ ವಿಮಾನ. ಎಲ್ಲರೂ ಮಲಗಿದ್ದಾರೆ. ದೀಪ ಸಣ್ಣಗೆ ಮಾಡಿದ್ದಾರೆ, ಅಕ್ಷರ ಕಾಣುವಷ್ಟಿದೆ.

ನಿನ್ನೆ ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ಲಾಂಡ್ರಿ ಆಂಟಿ ಕೂತಿದ್ದರು. ಕೋಟು ತೊಟ್ಟು, ತಲೆ ಬಾಚಿಕೊಂಡು ಬೇರೆಯವರಂತೆ ಕಾಣುತ್ತಿದ್ದರು. ಪೀಪಿಯ ಹಾಡುಗಳೆಲ್ಲ ಮುಗಿದವು. ಪಿಯಾನೋ ಸೇರುವ ಹಾಡು ಈ ಸಲ ಸರಿಯಾಗಿ ಬಂತು, ಏಣಿಯ ತಂಡ ನಮ್ಮ ಹಿಂದೆ ನಿಂತು ಹಾಡಿತು. ಆಮೇಲೆ ಅವರು ಇಳಿದು ಹೋದರು. ಟೀಚರ್ ಪೀಪಿಯನ್ನು ಕೈಚೀಲಕ್ಕೆ ಹಾಕಿ ನನ್ನ ಕಡೆ ನೋಡಿದರು.

ತುಟಿ ಮುಚ್ಚಿದೆ. ಒಳಗೆ ಇದ್ದದ್ದು ಒಂದೇ ಸ್ವರ, ಅದು ನಮ್ಮದಲ್ಲ ಎಂದು ನನಗೆ ಗೊತ್ತಿತ್ತು. ಅದನ್ನೇ ಕೊಟ್ಟುಬಿಡೋಣ ಅನ್ನಿಸಿತು. ಕೊನೆಯ ಚರಣದವರೆಗೆ ಯಾರಿಗೂ ತಿಳಿಯುವುದಿಲ್ಲ. ಇನ್ನೂ ಸ್ವಲ್ಪ ಕೆಳಗೆ, ಅಂದಾಜಿಗೆ, ಎಲ್ಲಿಗಾದರೂ ಒಂದು ಕೊಟ್ಟರೂ ಆಗುತ್ತಿತ್ತು. ಚಿಳ್ಳೆಗಳು ನನ್ನ ಬಾಯನ್ನೇ ನೋಡುತ್ತಿದ್ದರು. ಸಣ್ಣವಳು ಉಸಿರು ತುಂಬಿಕೊಂಡು ತಯಾರಾಗಿ ನಿಂತಿದ್ದಳು, ನಾನು ಕೊಟ್ಟದ್ದು ಏನಾದರೂ ಸರಿ ತಗೊಂಡು ಹೊರಡಲು. ಜನ ಕೆಮ್ಮುವುದನ್ನೂ ನಿಲ್ಲಿಸಿದ್ದರು. ಟೀಚರ್ ಹುಬ್ಬು ಸ್ವಲ್ಪ ಮೇಲೆ ಹೋಯಿತು.

ನಾನು ಎಡಕ್ಕೆ ತಿರುಗಿದೆ. ಗುಬ್ಬಿಗೆ ಕಣ್ಣಿನಲ್ಲೇ ಕೇಳಿದೆ. ತಯಾರಾ ಎಂದು ಕೇಳುತ್ತಿದ್ದೇನೆಂದು ತಿಳಿದು ಅವಳು ತಲೆಯಾಡಿಸಿದಳು.

“ಶ್ರುತಿ ಕೊಡೇ,” ಎಂದೆ, ತುಟಿ ಅಲ್ಲಾಡದಂತೆ.

“ಯಾರಿಗೆ?”

“ನಂಗೆ.”

ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ತುಟಿ ಮುಚ್ಚಿ ‘ಮ್’ ಎಂದಳು. ಹುಡುಕಲಿಲ್ಲ, ಅನುಮಾನಿಸಲಿಲ್ಲ. ಆ ಸಣ್ಣ ದನಿ ಬಂದು ನನ್ನೊಳಗೆ ಹಸಿರು ಬಟ್ಟೆಯ ಪಿಯಾನೋ ಮೇಲೆ ಕೂತಿತು. ಅದೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನು ಅದನ್ನು ತೆಗೆದುಕೊಂಡು ಎಲ್ಲರಿಗೂ ಕೊಟ್ಟೆ. ಕೇಳುವವರು ಅದೂ ಹಾಡಿನದೇ ಭಾಗ ಎಂದುಕೊಂಡಿರಬೇಕು, ಒಂದು ಮೂಲೆಯಲ್ಲಿ ಹುಟ್ಟಿ ಸಾಲಿನುದ್ದಕ್ಕೂ ಹರಡುವ ಹಾಗೆ.

ದೋಣಿ ಹೊರಟಿತು. ಹಾಡುವಾಗ ನನಗೆ ನನ್ನ ದನಿ ಬೇರೆಯಾಗಿ ಕೇಳಲಿಲ್ಲ. ಕೊನೆಯ ಚರಣ ಬಂತು, ನಾವು ಕೆಳಗೆ ಉಳಿದೆವು, ಚಿಳ್ಳೆಗಳು ಏರಿದರು. ನಾನು ಕಣ್ಣು ಮುಚ್ಚಿಕೊಂಡೆ. ಒಡೆಯಲಿಲ್ಲ. ಅಲ್ಲಿ ಮೇಲೆ ನಿಂತು, ಹಾಯಾಗಿ ಸುತ್ತ ನೋಡಿಕೊಂಡು, ಆಮೇಲೆ ಇಳಿದು ಬಂದರು. ಟೀಚರ್ ಕೈ ಇಳಿಸಿದ ಮೇಲೆ ಶುರುವಾದ ಚಪ್ಪಾಳೆ ನಿಲ್ಲಲೇ ಇಲ್ಲ. ಲಾಂಡ್ರಿ ಆಂಟಿ ಮೂಗು ಒರೆಸಿಕೊಳ್ಳುತ್ತಿದ್ದರು.

ಬಸ್ಸಿನಲ್ಲಿ ಗುಬ್ಬಿಯನ್ನು ಕೇಳಿದೆ. ಎಲ್ಲಿತ್ತು ಅದು, ಇಷ್ಟು ದಿನ ಆ ಯಂತ್ರದ ಮೇಲೇ ಮಲಗಿದ್ದು ನೀನೂ ಅಲ್ಲವೇ ಎಂದು. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ನೀನು ದಿನಾ ಕೊಡ್ತಿದ್ದೆ, ನಾನು ಇಸ್ಕೊಳ್ತಿದ್ದೆ. ಇಸ್ಕೊಂಡಿದ್ದು ಎಲ್ಲಿಗೆ ಹೋಗುತ್ತೆ?”

ಟೀಚರ್‌ಗೂ ಎಲ್ಲ ಹೇಳಿದೆ. ಅವರು ನನ್ನನ್ನೂ ಗುಬ್ಬಿಯನ್ನೂ ನೋಡಿ, ನನ್ನ ಕೆನ್ನೆ ಹಿಂಡಿದರು. ಅಷ್ಟೇ. ಇವತ್ತು ಬೆಳಿಗ್ಗೆ ಹೊರಡುವ ಮೊದಲು ನಾನೂ ಏಣಿಯೂ ಕೊನೆಯದಾಗಿ ಒಂದಿಷ್ಟು ಚಾದರ ಮಡಿಸಿದೆವು. ಗುಬ್ಬಿಗೂ ಕಲಿಸಿದೆ. ಅವಳು ಬೇಗ ಕಲಿತಳು.

ಈಗ ಈ ವಿಮಾನದ ಮೊರೆತ ಕೇಳುತ್ತಾ ನಮ್ಮ ಸ್ವರ ಇದೆಯೇ ಎಂದು ಒಳಗೆ ನೋಡಿಕೊಂಡೆ. ಇಲ್ಲ, ನಿನ್ನೆ ಇಸಿದುಕೊಂಡದ್ದೂ ಆಗಲೇ ಜಾರಿ ಹೋಗಿದೆ. ಲಾಂಡ್ರಿಯದು ಗಟ್ಟಿಯಾಗಿ ಕೂತಿದೆ. ಸ್ವಲ್ಪ ಅಳು ಬಂತು, ಬರಲಿ ಎಂದು ಬಿಟ್ಟೆ.

ಗುಬ್ಬಿಯ ತಲೆ ನನ್ನ ಭುಜದ ಮೇಲೆ ಭಾರವಾಗಿದೆ. ತೋಳು ಮೆಲ್ಲಗೆ ಅಲುಗಿಸಿ, ಶ್ರುತಿ ಎಂದೆ. ಕಣ್ಣೂ ತೆರೆಯದೆ, ನಿದ್ದೆಯಲ್ಲೇ, ‘ಮ್’ ಎಂದು ಕೊಟ್ಟು ಮತ್ತೆ ಮಲಗಿದಳು. ನಾನು ಇಸಿದುಕೊಂಡೆ.